ಗೌರವ್ವನ ಒಡಪು

ಉಗರಗೋಳದಾಗ ನಂದು ಕುಂಕುಮ-ಭಂಡಾರದ ಅಂಗಡಿ. ಬಾಜೂಕ ಗೌರವ್ವ ರೊಟ್ಟಿ ಬಡದು ಮಾರತಾಳ. ಹೇಳಬಾರದು, ಆದರ ಊರಿಗೆಲ್ಲ ಗೊತ್ತೈತಿ: ಕಟ್ಟಿಕೊಂಡ ಗಂಡನ್ನ ಮನೋಳಿಯಾಗ ಬಿಟ್ಟು ಬಂದು, ತಾಳಿ ಇಲ್ಲದನ ಬಸಪ್ಪನ ಜೋಡಿ ಬಾಳೇವು ಮಾಡಿದಾಕಿ. ಅದಕ್ಕ ಮದುವಿ, ಬಸರಿ ಕುಬಸದಾಗ ಹೆಂಗಸರು ಗಂಡನ ಹೆಸರ ಪ್ರಾಸದಾಗ ಕಟ್ಟಿ ಒಡಪು ಹೇಳುವಾಗ ಆಕೀ ಪಾಳಿ ದಾಟಿಸಿಬಿಡತಿದ್ದಿವಿ.

ನಮ್ಮಂಥ ಅಂಗಡಿ ಹೆಂಗಸರ ಮ್ಯಾಲ ಸಣ್ಣ ಪಿಚ್ಚರ್ ತಗಿಯಾಕ ಬಂದ ಹುಡುಗಿಗೆ ಇದೆಲ್ಲ ಏನು ಗೊತ್ತು? "ಅಜ್ಜಿ, ನೀವೂ ಒಂದು ಒಡಪು ಹೇಳ್ರಿ" ಅಂದಳು. ಇನ್ನ ಮಜಾ ಐತಿ ಅಂತ ನಾ ಗಿರಾಕಿ ಬಿಟ್ಟು ಹೊರಗ ಬಂದೆ. ಗೌರವ್ವ ಕೈ ಹಿಟ್ಟು ಒರಿಸಿ, ಸೆರಗ ಹೊತ್ತು ಹೇಳಿದಳು:

"ಹಂಚಿನ ಮ್ಯಾಲ ಉಬ್ಬೇತಿ ಬಿಳಿಜ್ವಾಳದ ರೊಟ್ಟಿ,
ಬಸಪ್ಪರ ಹೆಸರ ಹೇಳತೇನಿ ಮನಸ ಮಾಡಿ ಗಟ್ಟಿ."

ಸಾಲಿ ಗ್ವಾಡಿ ಮ್ಯಾಲ ಪಿಚ್ಚರ್ ತೋರಿಸಿದ ದಿನ ಗೌರವ್ವ ಬಸಪ್ಪನ್ನ ಕರಕೊಂಡು ಬಂದು ಮುಂದ ಕುಂದ್ರಿಸಿದಳು. ಪಿಚ್ಚರದಾಗ ಹೊಗಿ ಬಂತು, ರೊಟ್ಟಿ ಬಂತು, ನಾನೂ ಬಂದು ಭಾಳ ಹೊತ್ತು ಮಾತಾಡಿದೆ.

"ಎಲ್ಲೈತಿ ನಿನ್ನ ಒಡಪು?" ಅಂತ ಮುದುಕ ಕೇಳಿದ.

"ಬರತೈತಿ, ತಡೀರಿ."

ಬರಲಿಲ್ಲ, ಪಿಚ್ಚರ್ ಮುಗೀತು. ಮನಿತನದ ಮರ್ಯಾದಿ ಹೋಗತೈತಿ ಅಂತ ಬಸಪ್ಪನ ಅಣ್ಣನ ಮಕ್ಕಳು ಹುಡುಗಿಗೆ ಹೇಳಿ ಅದಷ್ಟನ್ನ ತಗಿಸಿದ್ದರಂತ. ಗೌರವ್ವ ಎದ್ದು ಮುದುಕನ ಕೈ ಹಿಡಕೊಂಡು ಮನಿಗೆ ನಡದಳು.

ನನಗ ಆ ಒಡಪು ಬಾಯಿಪಾಠ ಇತ್ತು. ಅಲ್ಲೇ ಎದ್ದು ಹೇಳಿದ್ದರ ಆ ಮುದುಕ ಕೇಳತಿದ್ದ ಅಂತ ಈಗೂ ಜೀವ ಮರಗತೈತಿ. ಆದರ ಇನ್ನೊಬ್ಬಾಕಿ ಗಂಡನ ಹೆಸರಲೆ ನಾ ಒಡಪು ಹೇಳಿದರ ಊರಾಗಿನ ಬಾಯಿ ಏನಂತಾವು ಅನ್ನೂದು ನನಗಿಂತ ಚಲೋ ಯಾರಿಗೆ ಗೊತ್ತೈತಿ?