ನೀಲಿ ಅಂಗಿ ತೊಟ್ಟ ಎದುರಾಳಿ

ಡೆಲ್ಮರ್ ಸೊಬೊಟ್ಕ ಹೊಟ್ಟೆಪಾಡಿಗೆ ನೆಬ್ರಾಸ್ಕಾದ ಹೊಲಮನೆಗಳಿಗೆ ಗ್ಯಾಸ್ ಲಾರಿ ಓಡಿಸುತ್ತಿದ್ದ. ವಸಂತ ಬಂತೆಂದರೆ ಸಂಜೆ ಹೊತ್ತು ನೀಲಿ ಅಂಗಿ ತೊಟ್ಟು ಶಾಲೆಗಳ ಬೇಸ್‌ಬಾಲ್ ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲುತ್ತಿದ್ದ. ಆ ಅಂಗಿಯ ದೆಸೆಯಿಂದ ಅಂಪೈರನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, 'ಬ್ಲೂ' ಎನ್ನುತ್ತಾರೆ. ಅದೊಂದು ಮಾತನ್ನೇ ಬೈಗುಳದ ಹಾಗೆ ಕೂಗುವುದರಲ್ಲಿ ಬೆಲ್‌ಗ್ರೋವ್ ಶಾಲೆಯ ಕೋಚ್ ಲೈಲ್ ಹೌಗನ್‌ನನ್ನು ಮೀರಿಸುವವರಿರಲಿಲ್ಲ.

ತೀರ್ಪು ಹಿಡಿಸದಿದ್ದರೆ ಲೈಲ್ ಟೋಪಿ ಕಿತ್ತು ನೆಲಕ್ಕೆ ಬಡಿಯುತ್ತಿದ್ದ. ಬೂಟುಗಾಲಲ್ಲಿ ಮಣ್ಣು ಚಿಮ್ಮಿಸುತ್ತ ಬಂದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅರಚುತ್ತಿದ್ದ. ಡೆಲ್ಮರ್ ಅವನನ್ನು ಮೈದಾನದಿಂದ ಹೊರಗೆ ಅಟ್ಟಿದ್ದು ಒಂದೆರಡು ಸಲವಲ್ಲ. ಆದರೆ ಚಳಿಗಾಲದಲ್ಲಿ ಅವನ ಮನೆಗೆ ಗ್ಯಾಸ್ ತುಂಬಿಸಲು ಹೋದರೆ ಅದೇ ಮನುಷ್ಯ ಹಿಮ ಗೋರಿ ಲಾರಿಗೆ ದಾರಿ ಮಾಡಿಟ್ಟಿರುತ್ತಿದ್ದ. ಕಾಫಿ ಕೊಟ್ಟು ತನ್ನ ಮುದಿ ನಾಯಿಯ ಕಾಲುನೋವಿನ ಕತೆ ಹೇಳುತ್ತಿದ್ದ. ಆಟದ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಬೇರೆ ಕೋಚ್‌ಗಳ ಪಂದ್ಯಕ್ಕೆ ಡೆಲ್ಮರ್ ಸುಮ್ಮನೆ ಹೋಗಿ ನಿಲ್ಲುತ್ತಿದ್ದ. ಲೈಲ್‌ನ ಪಂದ್ಯವಿದ್ದರೆ ಮಾತ್ರ ನಿಯಮದ ಪುಸ್ತಕವನ್ನು ಮತ್ತೊಮ್ಮೆ ತಿರುವಿ ಹಾಕಿಯೇ ಹೊರಡುತ್ತಿದ್ದ.

ಲೈಲ್ ಕೋಚ್ ಕೆಲಸ ಬಿಟ್ಟ ಮರು ವಸಂತದಲ್ಲಿ ಅಂಪೈರ್‌ಗಳ ಸಭೆ ಶಾಲೆಯ ಊಟದ ಕೋಣೆಯಲ್ಲಿ ನಡೆಯಿತು. ಊಟಕ್ಕೆ ಚಿಲ್ಲಿ ಎಂಬ ಮಾಂಸದ ಸಾರು, ಜೊತೆಗೆ ದಾಲ್ಚಿನ್ನಿ ಹಾಕಿದ ಸಿಹಿ ರೋಲ್. ಡೆಲ್ಮರ್ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಲೈಲ್ ತಟ್ಟೆ ಹಿಡಿದು ಬಂದು ಎದುರಿಗೇ ಕೂತ.

"ದಾರಿ ತಪ್ಪಿ ಬಂದ್ಯಾ?" ಡೆಲ್ಮರ್ ಕೇಳಿದ.

"ಇಲ್ಲ. ಅಂಪೈರ್ ಆಗೋಣ ಅಂತ ಬಂದೆ."

"ನೀನು?"

"ಯಾಕೆ, ಕಣ್ಣು ಸರಿ ಇರೋರ್ನ ಇಲ್ಲಿ ಸೇರಿಸ್ಕೊಳಲ್ವಾ?"

ಸುತ್ತಲಿದ್ದವರು ನಕ್ಕರು. ತಾನೂ ನಗಬೇಕೋ ಬೇಡವೋ ಡೆಲ್ಮರ್‌ಗೆ ತಿಳಿಯಲಿಲ್ಲ. ಮನೆಗೆ ಬಂದು ಹೆಂಡತಿ ಅರ್ಲೀನ್‌ಗೆ ಹೇಳಿದ.

"ಒಳ್ಳೇದೇ ಆಯ್ತಲ್ಲ, ನಿನ್ನ ಬೈಯೋರು ಒಬ್ರು ಕಮ್ಮಿ ಆದ್ರು," ಅಂದಳು ಅವಳು.

"ಹೌದು. ಖುಷಿ ಆಗ್ಬೇಕಿತ್ತು. ಯಾಕೋ ಆಗ್ತಾ ಇಲ್ಲ."

ಮೊದಲ ಪಂದ್ಯಕ್ಕೆ ಇಬ್ಬರನ್ನೂ ಬೆಲ್‌ಗ್ರೋವ್‌ಗೇ ಹಾಕಿದರು. ಲೈಲ್‌ನ ಜಾಗಕ್ಕೆ ಬಂದಿದ್ದ ಹೊಸ ಕೋಚ್ ಟ್ರೆಂಟ್ ಅವನ ಹಳೆಯ ಶಿಷ್ಯ. ಡೆಲ್ಮರ್ ಬ್ಯಾಟ್ ಹಿಡಿದವನ ಹಿಂದೆ ನಿಂತ, ಲೈಲ್ ಓಡುವವರು ಚೆಂಡಿಗಿಂತ ಮೊದಲು ಮುಟ್ಟಬೇಕಾದ ಬೇಸ್‌ಗಳ ಕಡೆ ನಿಂತ. ಆಟದ ನಡುವೆ ಬೆಲ್‌ಗ್ರೋವ್ ಹುಡುಗನೊಬ್ಬ ಎರಡನೇ ಬೇಸ್‌ಗೆ ಓಡಿ ತಲುಪಿದ್ದೂ ಚೆಂಡು ತಲುಪಿದ್ದೂ ಒಟ್ಟಿಗೇ. ಲೈಲ್ ಔಟ್ ಕೊಟ್ಟ.

ಟ್ರೆಂಟ್ ಟೋಪಿ ಕಿತ್ತು ನೆಲಕ್ಕೆ ಬಡಿದು, ಮಣ್ಣು ಚಿಮ್ಮಿಸುತ್ತ ಬಂದ.

"ಎಲ್ಲಿ ನೋಡ್ತಿದ್ರಿ ಕೋಚ್? ಅಲ್ಲ, ಬ್ಲೂ? ನಮ್ಮಜ್ಜಿ ಅಡುಗೆಮನೆ ಕಿಟಕೀಲಿ ನಿಂತು ನೋಡಿದ್ರೂ ಸೇಫ್ ಅಂತಿದ್ರು."

ಆ ಅಜ್ಜಿಯ ಮಾತು ಟ್ರೆಂಟ್‌ನದಲ್ಲ. ಲೈಲ್‌ನ ಬಾಯಿಂದ ಡೆಲ್ಮರ್ ಅದನ್ನು ಎಷ್ಟೋ ಸಲ ಕೇಳಿದ್ದ. ಈಗ ಅದೇ ಮಾತು ಲೈಲ್‌ನ ಮುಖಕ್ಕೇ ತಿರುಗಿ ಬಂದಿತ್ತು. ಇಂಥ ದಿನ ಬರಲಿ ಎಂದು ಡೆಲ್ಮರ್ ಎಷ್ಟೋ ವರ್ಷ ಆಸೆಪಟ್ಟಿದ್ದ. ಆದರೆ ಬಂದಾಗ ನಗು ಬರಲಿಲ್ಲ. ಕಾಲು ತಾನಾಗಿಯೇ ಅತ್ತ ಹೋಯಿತು. ಇಬ್ಬರ ನಡುವೆ ನಿಂತು, "ಟ್ರೆಂಟ್, ಹೇಳೋದು ಹೇಳಿದ್ಯಲ್ಲ. ಹೋಗಿ ಕೂತ್ಕೋ," ಅಂದ.

"ನೀವಾದ್ರೂ ನೋಡಿದ್ರಾ?"

"ಅವನು ಕೇಳಿದ್ರೆ ಮಾತ್ರ ನಾನು ಹೇಳ್ಬಹುದು. ಅವನು ಕೇಳಿಲ್ಲ. ಅದು ಅವನ ತೀರ್ಪು."

ವಾಪಸು ಬರುವಾಗ ಇಬ್ಬರೂ ಲೈಲ್‌ನ ಪಿಕಪ್‌ನಲ್ಲಿದ್ದರು. ಗಾಡಿ ಓಡಿಸುತ್ತ ಲೈಲ್ ಕೇಳಿದ: "ನಾನೂ ಹಿಂಗೇ ಆಡ್ತಿದ್ನಾ?"

"ನಿನ್ನಷ್ಟು ಆಡೋಕೆ ಅವನು ಇನ್ನೂ ಕಲೀಬೇಕು."

ಲೈಲ್ ನಗಲಿಲ್ಲ. "ಒಂದು ಮಾತು ಕೇಳ್ಲಾ? ಆ ಜಿಲ್ಲಾ ಫೈನಲ್. ಕೊನೇ ಸರದಿ. ನಮ್ಮ ಕೆಂಪು ಕೂದಲಿನ ಹುಡುಗ ಜಾರ್ಕೊಂಡು ಬಂದು ಹೋಮ್ ಪ್ಲೇಟ್ ಮುಟ್ಟಿದ. ನೀನು ಔಟ್ ಅಂದೆ. ನಿಜ ಹೇಳು, ಅದು ಔಟಾ?"

ಡೆಲ್ಮರ್ ನೆನಪು ಕೆದಕಿ ನೋಡಿದ. ಏನೂ ಸಿಗಲಿಲ್ಲ. "ಯಾವ ಹುಡುಗ?"

"ನಾನು ನೀರಿನ ಬಕೆಟ್ ಎಸೆದ ದಿನ."

"ಬಕೆಟ್ ನೆನಪಿದೆ. ಹುಡುಗ ನೆನಪಿಲ್ಲ."

"ಅಲ್ಲ ಮಾರಾಯ, ನಾನು ಇಷ್ಟು ವರ್ಷದಿಂದ ಅದನ್ನೇ ಹೊತ್ಕೊಂಡು ತಿರುಗ್ತಿದೀನಿ. ನೀನು ಮರೆತೇ ಬಿಟ್ಟಿದೀಯಾ?"

ಔಟ್ ಎಂದರೆ ಅವನಿಗೆ ಸಮಾಧಾನವಾದೀತೇ? ತಪ್ಪಾಯಿತು ಎಂದರೆ ಆದೀತೇ? ಯಾವುದನ್ನು ಹೇಳಿದರೂ ಸುಳ್ಳೇ. "ಆಗ ಕಂಡಿದ್ದನ್ನ ಹೇಳಿರ್ತೀನಿ ಲೈಲ್. ಅದಕ್ಕಿಂತ ಹೆಚ್ಚು ನಂಗೆ ಗೊತ್ತಿಲ್ಲ."

ಮನೆಗೆ ಬಂದು ಡೆಲ್ಮರ್ ಇದನ್ನು ಹೆಂಡತಿಗೆ ಹೇಳಿದ.

"ಸಿಟ್ಟಾದ್ನಾ?" ಎಂದು ಅರ್ಲೀನ್ ಕೇಳಿದಳು.

"ಅದೇ ಗೊತ್ತಾಗ್ಲಿಲ್ಲ. ನಾನಿಳಿದ ಮೇಲೆ ಮೆಲ್ಲಗೆ ಹೋದ. ಮೆಲ್ಲಗೆ ಹೋಗೋ ಜಾತಿಯವನಲ್ಲ ಅವನು."

ಆ ಋತುವಿಡೀ ಇಬ್ಬರೂ ಜೊತೆಯಾಗಿಯೇ ನಿಂತರು. ಲೈಲ್ ಕೆಟ್ಟ ಅಂಪೈರೇನೂ ಆಗಿರಲಿಲ್ಲ. ಆದರೂ ಎದುರಿಗೆ ಅವನಿಲ್ಲದ ಮೈದಾನದಲ್ಲಿ ತಾನು ಯಾರಿಗಾಗಿ ಇಷ್ಟು ಕಣ್ಣಿಟ್ಟು ನೋಡುತ್ತಿದ್ದೇನೆಂದು ಡೆಲ್ಮರ್‌ಗೆ ಆಗಾಗ ಅನುಮಾನ ಬರುತ್ತಿತ್ತು. ಮುಂದಿನ ವಸಂತದಲ್ಲಿ ಲೈಲ್ ಅಂಗಿ ಹಿಂತಿರುಗಿಸಿ, ಟ್ರೆಂಟ್‌ನ ಕೈಕೆಳಗೆ ಸಹಾಯಕ ಕೋಚ್ ಆಗಿ ಸೇರಿಕೊಂಡ. ಯಾಕೆಂದು ಯಾರಿಗೂ ಹೇಳಲಿಲ್ಲ.

ಆ ವರ್ಷದ ಮೊದಲ ಪಂದ್ಯದಲ್ಲೇ, ಬೆಲ್‌ಗ್ರೋವ್ ಹುಡುಗ ಹೊಡೆಯದೆ ಬಿಟ್ಟ ಒಂದು ಚೆಂಡು ಹೊಡೆಯುವ ಅಳತೆಯೊಳಗೇ ಬಂದಿತ್ತೆಂದು ಡೆಲ್ಮರ್ ಸ್ಟ್ರೈಕ್ ಕೊಟ್ಟ. "ಹೊರಗಿತ್ತು, ಬ್ಲೂ," ಎಂದು ಬೆಂಚಿನಿಂದ ಲೈಲ್ ಧಾವಿಸಿ ಬಂದ. ಟ್ರೆಂಟ್ ತೋಳು ಹಿಡಿದೆಳೆದರೂ ನಿಲ್ಲಲಿಲ್ಲ.

"ಬೆಂಚಿಗೆ ಹೋಗು. ಕೋಚ್ ಅವನು, ನೀನಲ್ಲ," ಅಂದ ಡೆಲ್ಮರ್.

"ಕುರುಡರಿಗೆ ನೀಲಿ ಅಂಗಿ ಹೊಲಿಸಿಕೊಟ್ಟೋರು ಯಾರು?"

ಡೆಲ್ಮರ್ ಕೈಯೆತ್ತಿ ಅವನನ್ನು ಹೊರಗೆ ಕಳಿಸಿದ. ಉಳಿದ ಆಟವನ್ನು ಲೈಲ್ ಬೇಲಿಯಾಚೆ, ಪಿಕಪ್‌ನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು ನೋಡಿದ. ಪಂದ್ಯ ಮುಗಿದು ಡೆಲ್ಮರ್ ತನ್ನ ಕಾರಿನತ್ತ ಬಂದಾಗಲೂ ಅಲ್ಲೇ ಕೂತಿದ್ದ.

"ಆ ಚೆಂಡು ನಿಜವಾಗ್ಲೂ ಹೊರಗಿತ್ತಾ?" ಡೆಲ್ಮರ್ ಕೇಳಿದ.

"ನಂಗೇನು ಗೊತ್ತು? ಬೆಂಚಿಂದ ಅದು ಕಾಣುತ್ತಾ?"

"ಮತ್ತೆ ಯಾಕೆ ಬಂದೆ?"

"ಬರ್ಬೇಕು ಅನ್ನಿಸ್ತು," ಅಂದ ಲೈಲ್.

ಡೆಲ್ಮರ್ ಆಗಲಿ ಎಂಬಂತೆ ತಲೆಯಾಡಿಸಿ ಕಾರು ಹತ್ತಿದ.