ನಾನು ಗಲ್ಲಿಗೇರಿಸಿದವರು

ಬೆಳಿಗ್ಗೆ ಮೊಮ್ಮಗಳು ಪತ್ರಿಕೆ ಮಡಚಿಟ್ಟು, "ಇಂಥವರನ್ನೆಲ್ಲ ಗಲ್ಲಿಗೇರಿಸಬೇಕು" ಎಂದಳು. ನನ್ನ ಮೂಗಿಗೆ ತಟ್ಟನೆ ತೊಗರಿ ಹೊಟ್ಟಿನ ವಾಸನೆ ಬಂತು. ನಗಬೇಡಿ. ಗಲ್ಲಿಗೂ ಬೇಳೆಗೂ ಏನು ಸಂಬಂಧ ಎನ್ನುವವರು ನಿಜಾಮರ ಕಾಲದ ತಾಂಡೂರಿನಲ್ಲಿ, ನನ್ನ ಅತ್ತೆಯ ಪಡಸಾಲೆಯಲ್ಲಿ, ಒಂದು ಮಧ್ಯಾಹ್ನ ಕೂತಿರಬೇಕಿತ್ತು.

ನಾನು ನಾರಾಯಣಖೇಡದ ಹುಡುಗಿ. ಅಪ್ಪ ಶಾಲಾ ಮಾಸ್ತರರಾದ್ದರಿಂದ ಉರ್ದು ಓದಲು ಬರುತ್ತಿತ್ತು. ಮನೆಗೆಲಸ ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ನನ್ನನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿದರು. ಬೇಳೆ ಆಗಬೇಕಾದ್ದು ಹಿಟ್ಟಾಯಿತು. ಅತ್ತೆ ನನ್ನನ್ನು ಎಬ್ಬಿಸಿ, ರೈಲಿನಲ್ಲಿ ಬಂದ ಹೈದರಾಬಾದಿನ ಉರ್ದು ಪತ್ರಿಕೆಯನ್ನು ಕೈಗೆ ಕೊಟ್ಟರು. ಅಂದಿನಿಂದ ಅವರೂ ಓಣಿಯ ಐದಾರು ಹೆಂಗಸರೂ ತೊಗರಿ ಒಡೆಯುವುದು, ನಾನು ಸುದ್ದಿಯನ್ನು ಕನ್ನಡದಲ್ಲಿ ಹೇಳುವುದು.

ಅವರಿಗೆ ಬೇಕಾದದ್ದು ಕೊಲೆ. ಅದು ಮುಗಿಯುತ್ತಲೇ ಅತ್ತೆ, "ಫಾಶಿ ಆತಿಲ್ಲ?" ಎಂದು ಗಲ್ಲಿನ ಸುದ್ದಿ ಕೇಳುವರು. ಒಮ್ಮೆ ಪ್ರಾಮಾಣಿಕಳಾಗಿ, "ಇಲ್ರಿ, ಬಿಟ್ಟಾರ" ಎಂದೆ. ಕಲ್ಲುಗಳು ನಿಂತವು. ಆ ದಿನ ನನ್ನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಮರುದಿನದಿಂದ ನಾನೇ ಫಾಶಿ ಕೊಡತೊಡಗಿದೆ: ಬಿಡುಗಡೆಯಾದವನಿಗೆ, ಆರು ತಿಂಗಳ ಸಜೆಯವನಿಗೆ, ಕೊನೆಗೆ ಉಮೇದು ಹೆಚ್ಚಿ ಎಮ್ಮೆ ಕದ್ದವನಿಗೂ. "ಭೇಷ್ ಆತು!" ಎಂದು ಕಲ್ಲುಗಳು ಗರಗರ ತಿರುಗುವವು. ಸಕ್ಕರೆಯೂ ಎರಡರಷ್ಟು ಬೀಳುತ್ತಿತ್ತು.

ಆ ಹೆಂಗಸರಲ್ಲಿ ಪೆದ್ದೆಮುಲ್ ಕಡೆಯ ಈರಮ್ಮ ಒಬ್ಬಳು. ಆಕೆಯ ಮಗ ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಡಲಿಯಿಂದ ಹೊಡೆದು ಕೊಂದ. ಈರಮ್ಮ ಬರುವುದು ನಿಂತಿತು. ಆಕೆ ಎದುರಿಗಿಲ್ಲದ ಧೈರ್ಯದಲ್ಲಿ ನಮ್ಮ ಪಡಸಾಲೆ ಅವನಿಗೂ ಫಾಶಿಯನ್ನೇ ಗೊತ್ತುಮಾಡಿತು.

ಒಂದು ಮಧ್ಯಾಹ್ನ ಅತ್ತೆಯೂ ಉಳಿದ ಹೆಂಗಸರೂ ಕಲ್ಲಿನ ಮುಂದಿದ್ದಾಗ ಆಕೆ ವಕೀಲರ ಪತ್ರ ಹಿಡಿದು ಬಂದಳು. ಗಂಡಸರೆಲ್ಲ ಪೇಟೆಗೆ ಹೋಗಿದ್ದರು. ನಾನೇ ಓದಿದೆ.

"ಫಾಶಿ ಇಲ್ಲ ಈರಮ್ಮ. ಜನ್ಮಪೂರ್ತಿ ಜೇಲು. ಜೀವ ಉಳದದ."

ಆಕೆ ಅಳಲಿಲ್ಲ, ನಗಲೂ ಇಲ್ಲ. "ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡವ್ವ. ನೀ ಓದಿದವರಿಗೆಲ್ಲ ಫಾಶಿ ಆಗ್ಯಾದ. ನನ್ನ ಮಗಗೊಬ್ಬಗ ಹ್ಯಾಂಗ ಬಿಡತಾರ?"

ಎಷ್ಟು ಹೇಳಿದರೂ ನಂಬಲೊಲ್ಲಳು. ನಿಜ ಹೇಳಿದರೆ ನಾನು ತವರಿನ ಬಂಡಿ ಹತ್ತಬೇಕು. ಹೇಳದಿದ್ದರೆ ಈಕೆ ಬದುಕಿರುವ ಮಗನಿಗಾಗಿ ಅಳುತ್ತ ಮನೆಗೆ ಹೋಗುತ್ತಾಳೆ.

"ಅತ್ತೀ, ಅವರ್ಯಾರಿಗೂ ಫಾಶಿ ಆಗಿಲ್ರಿ. ನಾನೇ ಕೊಟ್ಟೀನ್ರಿ" ಎಂದುಬಿಟ್ಟೆ.

ಅತ್ತೆ ಕಲ್ಲಿನ ಗೂಟದಿಂದ ಕೈ ತೆಗೆದರು. "ಎಮ್ಮಿ ಕಳ್ಳಗ?"

"ಎಮ್ಮಿ ಕದ್ದರ ಯಾರು ಫಾಶಿ ಕೊಡತಾರ್ರಿ!"

"ಅತ್ತಿಗ ವಿಷ ಹಾಕಿದ ಆ ಸೊಸಿ?"

"ಆಕಿನೂ ಅದಾಳ್ರಿ."

ಅತ್ತೆ ನಾನು ಕೊಟ್ಟಿದ್ದ ಚಹಾದ ಬಸಿಯನ್ನು ಮೆಲ್ಲಗೆ ಆಚೆ ಸರಿಸಿದರು. ಒಬ್ಬಳು ಕಿಸಕ್ಕೆಂದಳು, ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. "ಬಾವಿಗೆ ನೂಕಿದಾತ?" "ಅದಾನ!" "ಆ ಮುದುಕ?" "ಆತನೂ ಅದಾನ!" ಫಾಶಿ ಬೇಡಿದವರೇ ಒಬ್ಬೊಬ್ಬರನ್ನಾಗಿ ಬದುಕಿಸಿಕೊಂಡು, ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೊಲ್ಲುವಾಗ ಅವರನ್ನು ಅಷ್ಟು ಖುಷಿಯಾಗಿ ನಾನು ಎಂದೂ ನೋಡಿರಲಿಲ್ಲ.

ಕೊನೆಗೆ ಈರಮ್ಮ ಕೇಳಿದಳು: "ತಾಯಿಗೆ ಒಬ್ಬನೇ ಮಗ ಅಂತ ಓದಿದ್ಯಲ್ಲವ್ವ, ಆ ಹುಡುಗ?"

"ಅದಾನ, ಈರಮ್ಮ."

ಆಗ ಆಕೆ ಅತ್ತಳು. ಪತ್ರವನ್ನು ಎದೆಗವಚಿಕೊಂಡು, ತನ್ನ ಮಗ ಬದುಕಿದ್ದಾನೆಂದು ನಂಬಿ ಅತ್ತಳು.

ಆ ಹುಡುಗನ ಸುದ್ದಿಯೊಂದನ್ನು ಮಾತ್ರ ನಾನು ಪತ್ರಿಕೆಯಲ್ಲಿ ಇದ್ದ ಹಾಗೆಯೇ, ಫಾಶಿಯ ಸಮೇತ, ಓದಿದ್ದೆ. ಇವತ್ತಿನವರೆಗೆ ಯಾರಿಗೂ ಇದನ್ನು ಹೇಳಿರಲಿಲ್ಲ. ಹೇಳಿದರೆ ಅವನು ಮತ್ತೊಮ್ಮೆ ಸಾಯುತ್ತಾನೆಂಬ ಹೆದರಿಕೆ ನನಗೆ ಈಗಲೂ ಇದೆ.