ದೀಪದ ಸಾಲಿಗೆ ಹೋದ ಬಾವಿ

ಗುಮಾಸ್ತನ ತಪ್ಪು ಸಾಮಾನ್ಯವಾಗಿ ಕಾಗದದಲ್ಲೇ ಉಳಿಯುತ್ತದೆ. ನನ್ನದು ಒಂದು ಬಾವಿಯನ್ನೇ ನುಂಗಿತು.

ಯುದ್ಧದ ವರ್ಷಗಳಲ್ಲಿ ಹೊನ್ನಾವರಕ್ಕೂ ಕುಮಟೆಗೂ ನಡುವಿನ ಒಂದು ಬೇಣದಲ್ಲಿ ವಿಮಾನ ಇಳಿಯಲು ನೆಲ ಸಮ ಮಾಡುತ್ತಿದ್ದರು. ಬೇಣವೆಂದರೆ ಮಳೆಗಾಲದಲ್ಲಿ ಹುಲ್ಲು, ಉಳಿದಂತೆ ಬರೀ ಚಿರೆಕಲ್ಲಿನ ಗುಡ್ಡ. ಆ ಕೆಲಸದ ಕಚೇರಿಯಲ್ಲಿ ನಾನು ತರ್ಜುಮೆ ಗುಮಾಸ್ತ. ಇಂಗ್ಲಿಷಿನಲ್ಲಿ ಬಂದ ಹುಕುಮನ್ನು ಕನ್ನಡಕ್ಕೆ ಇಳಿಸಿ, ಮನೆಮನೆಗೆ ಹೋಗಿ ಓದಿ ಹೇಳಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಂಡು ಬರಬೇಕು. ನನ್ನ ಮನೆ ಭಟ್ಕಳದಲ್ಲಿ. ಶನಿವಾರ ಸಂಜೆ ಹೊನ್ನಾವರದ ತಾರಿದೋಣಿ ಸಿಕ್ಕಿ ಹೊಳೆ ದಾಟಿದರೆ ಆಚೆ ದಡದಲ್ಲಿ ಮೋಟಾರು. ತಪ್ಪಿದರೆ ಆ ವಾರ ಹೆಂಡತಿ ಮಕ್ಕಳ ಮುಖವಿಲ್ಲ. ಆ ಕಾಲವನ್ನು ನೆನೆದರೆ ಮೊದಲು ನೆನಪಾಗುವುದು ಕಾಲುನೋವು, ಉಳಿದದ್ದೆಲ್ಲ ಆಮೇಲೆ.

ವಿಮಾನವನ್ನು ನಾನು ಅಲ್ಲಿ ಕಂಡದ್ದು ಎರಡೇ ಸಲ. ಎರಡೂ ಸಣ್ಣವು, ಹಗಲಿನಲ್ಲಿ ಬಂದವು. ಕತ್ತಲಾದ ಮೇಲೆ ಯಾವುದಾದರೂ ಬಂದೀತೆಂದು ಕುಮಟೆಯ ತಗಡಿನ ಕೆಲಸದವನಿಂದ ಉದ್ದ ಕೊಕ್ಕಿನ ದೀಪಗಳನ್ನು ಮಾಡಿಸಿಟ್ಟಿದ್ದರು. ಊರವರಿಗೆ ಚಿಮಣಿ ಎಣ್ಣೆ ಕುಡ್ತೆಯ ಲೆಕ್ಕದಲ್ಲಿ. ಆ ದೀಪಗಳಿಗೆ ಮಾತ್ರ ಡಬ್ಬಿಗಟ್ಟಲೆ. ಆದರೆ ನಮ್ಮ ಇಂಜಿನಿಯರ ಸಾಹೇಬರ ಮನಸ್ಸು ಎಣ್ಣೆ ದೀಪದಲ್ಲಿ ಇರಲೇ ಇಲ್ಲ. ಯುದ್ಧ ಮುಗಿದ ಮೇಲೆ ಜನರನ್ನು ಹೊತ್ತ ದೊಡ್ಡ ವಿಮಾನಗಳು ಬರುತ್ತವೆ, ರಾತ್ರಿಯೂ ಬರುತ್ತವೆ, ನೆಲ ಮುಟ್ಟುವ ಮೊದಲೇ ಅವಕ್ಕೆ ದಾರಿ ತೋರಲು ಮೈದಾನದ ಹೊರಗೂ ವಿದ್ಯುತ್ ದೀಪ ಬೇಕು, ಅದಕ್ಕೆ ಈಗಲೇ ಜಾಗ ಹಿಡಿದಿಡಬೇಕು ಎನ್ನುತ್ತಿದ್ದರು. ಕಚೇರಿಯಲ್ಲಿ ಕಂದೀಲು ಹಚ್ಚಿಕೊಂಡು ಬರೆಯುತ್ತಿದ್ದ ನಾವು, ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಬೆನ್ನ ಹಿಂದೆ ನಗುತ್ತಿದ್ದೆವು. ಸಾಹೇಬರು ಕೆಟ್ಟವರಲ್ಲ. ಇನ್ನೂ ಕಟ್ಟದ ವಿಮಾನದ ವೇಗವನ್ನು ಲೆಕ್ಕ ಹಾಕಿ, ನಕ್ಷೆಯ ಮೇಲೆ ಸಮ ಅಂತರದಲ್ಲಿ ದೀಪಕ್ಕೊಂದರಂತೆ ಹತ್ತು ಚುಕ್ಕಿ ಇಟ್ಟರು. ಆರನೆಯ ಚುಕ್ಕಿ ಒಬ್ಬ ಮುದುಕಿಯ ಬಾವಿಯ ಮೇಲೆ ಬಿತ್ತು.

ಗುಡ್ಡದ ಆ ಮಗ್ಗುಲಿಗೆ ಅದೊಂದೇ ಬಾವಿ. ಅವಳ ಗಂಡ ಎರಡು ಬೇಸಗೆ ಚಿರೆಕಲ್ಲು ಕಡಿದು ತೋಡಿದ್ದು. ಅವನು ಸತ್ತ ಮೇಲೆ ಅತ್ತೆ ಸೊಸೆ ಇಬ್ಬರೂ ಅದರ ನೀರಲ್ಲಿ ಹರಿವೆ, ಬಸಳೆ ಬೆಳೆದು ಕುಮಟೆಯ ಸಂತೆಗೆ ಹೊತ್ತು ಮಾರಿ ಬದುಕುತ್ತಿದ್ದರು.

ಇಂಗ್ಲಿಷಿನ ಹುಕುಮನ್ನು ನಾನು ಹೀಗೆ ಇಳಿಸಿದ್ದೆ: ದೀಪದ ಸಾಲಿಗಾಗಿ ಈ ಜಾಗ ಬೇಕಾಗಿದೆ, ಬಾವಿ ಮುಚ್ಚಲಾಗುವುದು, ತಕರಾರಿದ್ದರೆ ಹದಿನೈದು ದಿನದೊಳಗೆ ಹೇಳತಕ್ಕದ್ದು. ತಕರಾರು ಅಂದರೆ ಸುಮ್ಮನೆ ಬರೆದ ಮಾತಲ್ಲ. ಕೆಳಗಿನ ಜಮೀನುದಾರರು ತಮ್ಮ ಮಾವಿನ ಮರಕ್ಕಾಗಿ ತಕರಾರು ಕೊಟ್ಟಾಗ ಸಾಹೇಬರು ಖುದ್ದಾಗಿ ಬಂದು ನೋಡಿ ಎರಡು ಚುಕ್ಕಿ ಸರಿಸಿದ್ದರು.

ಅಂಗಳದಲ್ಲಿ ನಿಂತು ಓದಿದೆ. ಅದು ಶನಿವಾರ, ಹೊತ್ತು ಇಳಿಯುತ್ತಿತ್ತು.

"ದೀಪದ ಸಾಲಾ?" ಮುದುಕಿಯ ಮುಖ ಅರಳಿತು. "ದಿನಾ ಹಚ್ತ್ರಾ ಒಡೆಯಾ?"

"ದಿನಾ ಹಚ್ಚಬೇಕಾಗ್ತದೆ ಅಜ್ಜಿ."

ಸೊಸೆ ಒಳಗಿನಿಂದ, "ನೀರಿಗೆ ಎಂತ ಮಾಡೂದು ಅತ್ತೆ?" ಎಂದಳು.

"ಕೆಳಗಿನ ಹೊಂಡದಿಂದ ಹೊತ್ರೆ ಆತು. ನಿನ್ ಮಾವ ತೋಡಿದ ಜಾಗದಲ್ಲಿ ದಿನಾ ದೀಪ ಉರೀತದಂತೆ. ದೇವರ ದೀಪಕ್ಕೆ ಜಾಗ ಕೇಳಿದ್ರೆ ಇಲ್ಲ ಅನ್ನೂಕಾಗ್ತದಾ?"

ಅವಳು ಏನು ತಿಳಿದಳೆಂದು ನನಗೆ ಆ ಕ್ಷಣವೇ ತಿಳಿಯಿತು. ಕಾರ್ತಿಕದ ದೀಪ, ಗಂಡನ ಹೆಸರಿನ ಪುಣ್ಯ. ಇದು ದೇವರದ್ದಲ್ಲ, ಎಂದೋ ಬರಬಹುದಾದ ವಿಮಾನದ್ದು, ನಿನಗೆ ತಕರಾರು ಮಾಡಲು ಹದಿನೈದು ದಿನವಿದೆ ಎಂದು ಬಿಡಿಸಿ ಹೇಳಲು ಕಾಲು ಗಂಟೆ ಸಾಕಿತ್ತು. ಆದರೆ ತಾರಿ ತಪ್ಪುತ್ತಿತ್ತು. ಬೆಳಗಿನಿಂದ ಏಳು ಮನೆ ಹತ್ತಿಳಿದಿದ್ದೆ, ಸುಸ್ತಾಗಿತ್ತು. ಅದಕ್ಕಿಂತ ದೊಡ್ಡ ಕಾರಣವನ್ನು ಇಷ್ಟು ವರ್ಷ ಹುಡುಕಿದರೂ ಸಿಗಲಿಲ್ಲ. ಮಸಿಯ ಡಬ್ಬಿ ತೆರೆದು ಹಿಡಿದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಎರಡು ಬೇಸಗೆ ತೋಡಿದ ಬಾವಿಯನ್ನು ಕೂಲಿಯವರು ಎರಡು ದಿನದಲ್ಲಿ ಮುಚ್ಚಿದರು. ಮುಚ್ಚುವ ಮೊದಲು ಮುದುಕಿ ತೆಂಗಿನಕಾಯಿ ಒಡೆದು ಕೈಮುಗಿದಳು. ನಾನು ಅತ್ತ ನೋಡದೆ ಆಳುಗಳ ಹೆಸರು ಬರೆದುಕೊಳ್ಳುತ್ತಿದ್ದೆ.

ಮುಂದಿನ ಬೇಸಗೆಗೆ ಬಸಳೆಯ ಚಪ್ಪರ ಒಣಗಿತು. ಕೆಳಗಿನ ಹೊಂಡದ ನೀರನ್ನು ಗುಡ್ಡ ಹತ್ತಿಸಿ ತಂದರೆ ಕುಡಿಯಲಿಕ್ಕೆ ಸಾಕು, ಗಿಡಕ್ಕೆ ಎಲ್ಲಿಂದ? ಸೊಸೆ ಪರರ ಗದ್ದೆಯ ಕೂಲಿಗೆ ಹೋಗತೊಡಗಿದಳು. ನನ್ನನ್ನು ಕಂಡಾಗಲೆಲ್ಲ ಮುದುಕಿಯದು ಒಂದೇ ಪ್ರಶ್ನೆ: "ಒಡೆಯಾ, ದೀಪ ಯಾವಾಗ?" ನನ್ನದೂ ಒಂದೇ ಉತ್ತರ: ಮುಂದಿನ ವರ್ಷ.

ಯುದ್ಧ ಮುಗಿಯಿತು. ಸಾಹೇಬರಿಗೆ ವರ್ಗವಾಯಿತು. ದೊಡ್ಡ ವಿಮಾನಗಳು ಹುಟ್ಟಿದವಂತೆ. ಅವಕ್ಕೆ ನಮ್ಮ ಗುಡ್ಡದ ಉದ್ದ ಸಾಲಲಿಲ್ಲ. ಕೊಕ್ಕಿನ ದೀಪಗಳನ್ನು ಲಾರಿಯಲ್ಲಿ ಹೇರಿ ಒಯ್ದರು. ಬಾಕಿ ಕಾಗದ ಮುಗಿಸಲು ಕುಮಟೆಯಲ್ಲಿ ಉಳಿದವನು ನಾನೊಬ್ಬ. ಸ್ವಾತಂತ್ರ್ಯ ಬಂದ ಮರುವರ್ಷ, ಮತ್ತೊಮ್ಮೆ ಸುಳ್ಳು ಹೇಳಲು ಬೇಜಾರಾಗಿ, ದೀಪ ಬರುವುದಿಲ್ಲ ಅಜ್ಜಿ ಎಂದುಬಿಟ್ಟೆ.

ಅವಳು ಬಾವಿ ಇದ್ದ ಜಾಗಕ್ಕೆ ಕೈ ತೋರಿದಳು. "ಹಂಗಾದ್ರೆ ನನ್ನ ಬಾವಿ ತೆಗ್ಸಿಕೊಡಿ."

ನ್ಯಾಯವಾದ ಮಾತು. ಅವಳ ಹೆಸರಿನಲ್ಲಿ ಅರ್ಜಿ ಬರೆದು ಮೇಲಿನ ಕಚೇರಿಗೆ ಕಳಿಸಿದೆ. ನಾಲ್ಕು ತಿಂಗಳಿಗೆ ಉತ್ತರ ಬಂತು: ಸದ್ಯಕ್ಕೆ ದೀಪ ಹಾಕುವ ವಿಚಾರವಿಲ್ಲ, ಆದರೂ ಮುಂದಿನ ಕಾಲದ ವಿಮಾನಗಳ ದೃಷ್ಟಿಯಿಂದ ಆ ಜಾಗವನ್ನು ಕಾದಿರಿಸಿದ್ದು, ಅಲ್ಲಿ ಏನನ್ನೂ ತೋಡಕೂಡದು. ಸಾಹೇಬರು ಹೋದರೂ ಅವರ ಚುಕ್ಕಿಗಳು ನಕ್ಷೆಯಲ್ಲಿ ಭದ್ರವಾಗಿದ್ದವು. ಅದನ್ನೂ ಕನ್ನಡಕ್ಕೆ ಇಳಿಸಿ, ಅದೇ ಅಂಗಳಕ್ಕೆ ಹೋಗಿ ಓದಿದೆ. ಈ ಸಲ ಕೂತು, ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ. ಯಾರ ದೀಪ, ಎಂತಹ ದೀಪ, ಎಲ್ಲ.

ಕೇಳಿ ಮುಗಿಸಿ ಅವಳು ನನ್ನನ್ನೇ ನೋಡಿದಳು.

"ನನ್ ಹೆಬ್ಬೆಟ್ಟು ಹಾಕ್ಸ್ಕೊಂಡ ದಿನ, ನಂಗೆ ತಪ್ಪು ತಿಳ್ದದೆ ಅಂತ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದಳು, ಮೂಲೆಯ ಕೊಡ ತೆಗೆದುಕೊಂಡಳು.

"ಆತು. ನೀರಿಗೆ ಹೊತ್ತಾತು," ಎಂದು ಗುಡ್ಡ ಇಳಿಯತೊಡಗಿದಳು.